ಲಾಡಿ ಹಚ್ಚದ ಎಂಟು ಜಬಲಾ

ಕುಬಸ (ಸೀಮಂತ) ಮುಗಿಸಿಕೊಂಡು ಮಗಳು ಬೆಂಗಳೂರಿಂದ ದಾವಣಗೆರೆಗೆ ಬಂದಾಗ ಅವಳ ಮೊಬೈಲಿನಲ್ಲಿ ಒಂದು ಪಟ್ಟಿ ಇತ್ತು. ಕೂಸು ಹುಟ್ಟೋಕೆ ಮುಂಚೆ ಮನೆಯಲ್ಲಿ ಇರಲೇಬೇಕಾದ ಸಾಮಾನಿನ ಪಟ್ಟಿ. ಎಣಿಸಿದೆ. 63 ಇದ್ದವು.

ಅವತ್ತೇ ಸಂಜೆ ನಮ್ಮತ್ತೆಯೂ ತಮ್ಮ ಪಟ್ಟಿ ಹೇಳಿದರು. "ಕೂಸು ಬರೋಮಟ ಹೊಸಾದು ಒಂದು ದಾರ ಸೈತ ಮನಿಗೆ ತರಬ್ಯಾಡ್ರಿ." ಅಷ್ಟೇ ಅವರ ಪಟ್ಟಿ.

ಒಂದು ಕಡೆ 63, ಇನ್ನೊಂದು ಕಡೆ ಸೊನ್ನೆ, ನಡುವೆ ನಾನು. ನಿಟ್ಟುವಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ 26 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಹೆಚ್ಚಾದ ಕಡೆ ಕತ್ತರಿಸೋದು, ಕಡಿಮೆ ಆದ ಕಡೆ ಜೋಡಿಸೋದು ನನ್ನ ದಿನದ ಕೆಲಸ. ಮಗಳ ಪಟ್ಟಿಯನ್ನೂ ಹಾಗೇ ಮುಂದಿಟ್ಟುಕೊಂಡು ಕೂತೆ.

ಮೊದಲು ಹೋಗಿದ್ದು ಉಣ್ಣೆ ಬಟ್ಟೆ. ಎರಡು ಸ್ವೆಟರ್, ನಾಲ್ಕು ಜೊತೆ ಕಾಲುಚೀಲ, ದಪ್ಪ ಕಂಬಳಿ. ಹೆರಿಗೆ ಇದ್ದದ್ದು ಏಪ್ರಿಲ್ ಕೊನೆಗೆ. ಆ ಹೊತ್ತಿಗೆ ನಮ್ಮೂರಲ್ಲಿ ತಾರಸಿ ಮನೆಗಳು ರಾತ್ರಿ ಹನ್ನೆರಡಾದರೂ ಕಾವು ಬಿಡೋದಿಲ್ಲ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ತಿರುಗುತ್ತೆ. ಇಲ್ಲಿ ಕೂಸಿಗೆ ಸ್ವೆಟರ್ ಹಾಕಿದರೆ ಮೈತುಂಬ ಬೆವರುಸಾಲೆ ಎದ್ದು ಅಳೋದೇ ಕೆಲಸ ಆಗುತ್ತೆ. ನಾವು ಎಷ್ಟು ಬಟ್ಟೆ ಹಾಕಿರುತ್ತೇವೋ ಅದರ ಮೇಲೆ ಒಂದು ಪದರ ಜಾಸ್ತಿ ಸಾಕು ಅಂತ ಡಾಕ್ಟರಮ್ಮ ಹೇಳಿದ್ದರು. ಆಮೇಲೆ ಸ್ನಾನದ ನೀರಿನ ಥರ್ಮಾಮೀಟರ್ ಹೋಯಿತು. ನನ್ನ ಮೊಣಕೈ ಇದೆಯಲ್ಲ. ಪೌಡರ್ ಹೋಯಿತು. ಹಾಲಿನ ಬಾಟಲಿ ಆರು, ಅವನ್ನು ಕುದಿಸೋ ಯಂತ್ರ ಒಂದು, ಅವೂ ಹೋದವು. ಬಾಟಲಿ ವಿಷಯದಲ್ಲಿ ಮಗಳು ಸ್ವಲ್ಪ ವಾದ ಮಾಡಿದಳು. "ಬೇಕಾದರೆ ಇರಲಿ ಅಮ್ಮ" ಅಂದಳು. ಬಾಟಲಿಯನ್ನೂ ಡಬ್ಬಿ ಹಾಲನ್ನೂ ಜಾಹೀರಾತು ಮಾಡಿ ಮಾರಬಾರದು ಅಂತ 1992ರಿಂದಲೇ ಕಾಯ್ದೆ ಇದೆ. ಸುಮ್ನೆ ಮಾಡಿರುತ್ತಾರಾ? ಅದರ ಬದಲು ಅಡುಗೆ ಮನೆಯ ಅಟ್ಟದಿಂದ ಬೆಳ್ಳಿ ಒಳಲೆ ಇಳಿಸಿದೆ. ಮಗಳಿಗೇ ಹಾಲು ಕುಡಿಸಿದ್ದ ಒಳಲೆ. ತಾಯಿ ಹಾಲನ್ನೇ ಹಿಂಡಿ ಕುಡಿಸಬೇಕಾಗಿ ಬಂದರೆ ಬೇಕಾಗುತ್ತೆ. ಹುಣಸೆಹಣ್ಣು ಹಾಕಿ ತಿಕ್ಕಿದೆ, ಕುದಿಯೋ ನೀರಲ್ಲಿ ಹಾಕಿ ತೆಗೆದೆ, ಮುಗೀತು.

ಬಟ್ಟೆಗೆ ಮಾತ್ರ ನಾನು ಜಾಸ್ತಿ ಹೊತ್ತು ಕೂತೆ.

ನಮ್ಮ ಮಾವ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಮಿಲ್ಲಿನ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದೆವು ಅಂತ ಅತ್ತೆ ಈಗಲೂ ಹೇಳುತ್ತಾರೆ. ಮಾವ ಹೋಗಿ ಹನ್ನೊಂದು ವರ್ಷ ಆಯಿತು. ಅವರ ಬಿಳಿ ಪಂಚೆ ಮೂರನ್ನು ಅತ್ತೆ ಯಾರಿಗೂ ಕೊಡದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಲಂಗೋಟಿಗೆ ಹಳೇ ಬಟ್ಟೆ ಬೇಕು ಅಂದಾಗ ಒಂದು ಮಾತೂ ಆಡದೆ ಎದ್ದು ಹೋಗಿ ಅವನ್ನೇ ತಂದು ನನ್ನ ಮಷೀನಿನ ಮೇಲೆ ಇಟ್ಟರು. "ಹಳೇವು ಅಲ್ಲೇನು, ಇದಕ್ಕೆ ದೋಷ ಇಲ್ಲ" ಅಂದರು.

ನೂರಾರು ಸಲ ಒಗೆದ ಹತ್ತಿ ಬಟ್ಟೆ ಹೇಗಿರುತ್ತೆ ಅಂತ ನಾನು ಬರೆದು ಹೇಳೋಕೆ ಆಗೋದಿಲ್ಲ. ಬೆರಳಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗೋದಿಲ್ಲ. ಅಂಗಡಿಯ ಹೊಸ ಲಂಗೋಟಿಯಲ್ಲಿ ಗಂಜಿ ಇರುತ್ತೆ, ಅದು ನೀರನ್ನು ಹೀರೋದೇ ಇಲ್ಲ, ಆಚೆ ಜಾರಿಸುತ್ತೆ. ಪಂಚೆ ಹಾಗಲ್ಲ, ಕುಡಿಯುತ್ತೆ. ಮೂರನ್ನೂ ಕುದಿಸಿ, ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದೆ. ಅರ್ಧ ಗಂಟೆಗೆ ಒಣಗಿ ಹಪ್ಪಳ ಆದವು.

ಆಮೇಲೆ ಹರಿದೆ. ಕತ್ತರಿಯಲ್ಲಿ ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಮೊದಲು ದಡಿ ತೆಗೆದುಬಿಡಬೇಕು, ಅದು ಗಟ್ಟಿ, ತೊಡೆಗೆ ಒತ್ತುತ್ತೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಹಾಕಿ ಎರಡೂ ಕಡೆ ಎಳೆದರೆ ಪರ್ರ್ ಅಂತ ನೂಲಿನ ಸಾಲಿಗೇ ಹರಿದುಕೊಂಡು ಹೋಗುತ್ತೆ. ಅಳತೆ ಪಟ್ಟಿಯೇ ಬೇಡ. ನಾಲ್ಕು ಗಜದ ಪಂಚೆಯಲ್ಲಿ ಹೆಚ್ಚುಕಡಿಮೆ ಎರಡಡಿ ಚೌಕದ 12 ತುಂಡು ಬರುತ್ತವೆ. ಮೂರು ಪಂಚೆಗೆ 36. ಅಂಚು ಮಡಿಸಿ ಹೊಲಿಯೋಕೆ ಹೋಗಬೇಡಿ. ನಾನು ಟೈಲರ್ ಆಗಿ ಹೇಳುತ್ತಿದ್ದೇನೆ, ಹೊಲಿಗೆ ಬಿದ್ದ ಕಡೆ ಬಟ್ಟೆ ದಪ್ಪ ಆಗುತ್ತೆ, ಕೂಸಿಗೆ ಗೀರುತ್ತೆ. ನಾಲ್ಕು ಎಳೆ ಬಿಚ್ಚಿಕೊಂಡರೆ ಬಿಚ್ಚಿಕೊಳ್ಳಲಿ. ಆದರೆ ಜೋತಾಡೋ ಎಳೆಯನ್ನು ದಿನಾ ನೋಡಿ ಕತ್ತರಿಸಿ, ಬೆರಳಿಗೆ ಸುತ್ತಿಕೊಂಡರೆ ಕಷ್ಟ.

36 ಸಾಕಾ ಅಂತ ಪಕ್ಕದ ಮನೆಯವರು ಕೇಳಿದರು. ಕೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತೆ. ನಮ್ಮ ಬಿಸಿಲಿಗೆ ಧಾರಾಳ ಸಾಕು. ಜುಲೈ ತಿಂಗಳ ಹೆರಿಗೆ ಆಗಿದ್ದರೆ ನಾನೇ ಇನ್ನೆರಡು ಪಂಚೆ ಹುಡುಕುತ್ತಿದ್ದೆ. ಡೈಪರ್ ಬೇಡ ಅಂತ ನಾನು ಹೇಳೋದಿಲ್ಲ. ಆಸ್ಪತ್ರೆಗೆ, ರಾತ್ರಿಗೆ, ಲಸಿಕೆ ಹಾಕಿಸೋಕೆ ಹೋಗುವಾಗ ಇರಲಿ. ಒಂದು ಸಣ್ಣ ಪ್ಯಾಕೆಟ್ ಮಾತ್ರ ತನ್ನಿ. ಸಣ್ಣ ಅಳತೆಯದು ಬೇಗ ಬಿಗಿಯಾಗುತ್ತೆ.

ಜಬಲಾಗೆ, ಅಂದರೆ ಲಾಡಿ ಕಟ್ಟೋ ಕೂಸಿನ ಅಂಗಿಗೆ, ಹೊಸ ಬಟ್ಟೆ ಬೇಕಿತ್ತು, ಹೊಸದು ತರುವಂತಿಲ್ಲ. ಬ್ಲೌಸ್ ಲೈನಿಂಗಿಗೆ ಅಂತ ಚೌಕಿಪೇಟೆಯಿಂದ ತಂದಿದ್ದ ಮಲ್ ಬಟ್ಟೆ ಉಳಿದಿತ್ತು. "ಇದು ಕೂಸಿಗೆ ತಂದದ್ದಲ್ಲ, ಗಿರಾಕಿಗಳಿಗೆ ತಂದದ್ದು" ಅಂದೆ. ಅತ್ತೆ ಒಂದು ನಿಮಿಷ ಯೋಚನೆ ಮಾಡಿದರು. "ಕತ್ತರಿಸು, ಹೊಲಿ. ಆದ್ರ ಪೂರ್ತಿ ಮಾಡಬ್ಯಾಡ." ಅಂದರೆ ಲಾಡಿ ಹಚ್ಚಬಾರದು. ಲಾಡಿ ಇಲ್ಲದಿದ್ದರೆ ಅದು ಜಬಲಾ ಅಲ್ಲ, ಬರೀ ಬಟ್ಟೆ. ಇಂಥ ನ್ಯಾಯ ಕೋರ್ಟಿನಲ್ಲೂ ಸಿಗೋದಿಲ್ಲ! ಮಗಳು ಬಿದ್ದು ಬಿದ್ದು ನಕ್ಕಳು. ನಾನು ಒಪ್ಪಿಕೊಂಡೆ. ಅತ್ತೆಗೆ ಮೊದಲ ಕೂಸು ಉಳಿದಿರಲಿಲ್ಲ. ಅವರು ಆ ಮಾತು ಎತ್ತೋದಿಲ್ಲ, ನಾವೂ ಕೇಳೋದಿಲ್ಲ.

ಜಬಲಾ ಹೊಲಿಯುವಾಗ ಎರಡು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಪೂರ್ತಿ ತೆರೆದುಕೊಳ್ಳಬೇಕು, ತಲೆಯಿಂದ ಹಾಕೋದು ಬೇಡ. ಹುಟ್ಟಿದ ಕೂಸಿನ ಕತ್ತು ನಿಂತಿರೋದಿಲ್ಲ, ಮೇಲಿಂದ ಎಳೆಯೋಕೆ ನಮಗೇ ಕೈ ನಡುಗುತ್ತೆ. ಎರಡನೇದು, ಹೊಲಿಗೆ ಹೊರಗಡೆ ಬರಲಿ. ನೋಡುವವರು ತಿರುವುಮುರುವು ಹಾಕಿದ್ದಾರೆ ಅನ್ನಲಿ ಬಿಡಿ. ಬಟನ್, ಹುಕ್ಕು, ಲೇಸು ಒಂದೂ ಬೇಡ. ಎಂಟು ಜಬಲಾ ಹೊಲಿದು, ಒಗೆದು, ಲಾಡಿ ಇಲ್ಲದೆ ಮಡಿಸಿಟ್ಟೆ. ಮಗಳ ನಾಲ್ಕು ಹಳೇ ನೈಟಿಗಳಿಗೆ ಎದೆಯ ಎರಡೂ ಪಕ್ಕ ಉದ್ದ ಜಿಪ್ ಹಾಕಿದೆ, ಹಾಲು ಕುಡಿಸೋಕೆ. ಅದನ್ನು ನೋಡಿ ಬೀದಿಯ ಮೂವರು ಬಸುರಿಯರು ತಮ್ಮವನ್ನೂ ತಂದುಕೊಟ್ಟರು.

ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಸಾಮಾನು ಹೇಳುತ್ತೇನೆ. ನೀರಿನ ಡ್ರಮ್ಮು. ಬೇಸಿಗೆಯಲ್ಲಿ ನಮ್ಮ ಬೀದಿಗೆ ದಿನಾ ನಲ್ಲಿ ನೀರು ಬರೋದಿಲ್ಲ. ಬಾಣಂತಿ ಸ್ನಾನ, ಕೂಸಿನ ಸ್ನಾನ, ಲಂಗೋಟಿ, ಬರೋರು ಹೋಗೋರು, ಇದ್ದ ಒಂದು ಡ್ರಮ್ಮು ಯಾವ ಮೂಲೆಗೆ? 200 ಲೀಟರಿನದು ಇನ್ನೊಂದು ತಂದೆವು. (ಡ್ರಮ್ಮು ಕೂಸಿಗಲ್ಲ ಅಂತ ಅತ್ತೆಯ ತಕರಾರು ಇರಲಿಲ್ಲ.) ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಹಾಕಿದೆವು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಸೊಳ್ಳೆ ಪರದೆ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಮನೆಯಿಂದ ಬಂತು, ಅವರ ಮೊಮ್ಮಗ ಬೆಳೆದುಬಿಟ್ಟಿದ್ದ.

ಬಾಣಂತಿ ಅಡುಗೆಗೆ ಅಂಟು, ಉತ್ತತ್ತಿ, ಗಸಗಸೆ, ಒಣಕೊಬ್ಬರಿ, ಬೆಲ್ಲ ಮಂಡಿಪೇಟೆಯಿಂದ ಬಂದವು. ಅಂಟಿನುಂಡೆ ಮಾತ್ರ ಮುಂಚೆ ಕಟ್ಟಿಡಲಿಲ್ಲ. ಈ ಸೆಕೆಗೆ ಕೊಬ್ಬರಿ ಬೇಗ ಕಮಟು ವಾಸನೆ ಹೊಡೆಯುತ್ತೆ. ಸಾಂಬ್ರಾಣಿ ಬಗ್ಗೆ ದೊಡ್ಡ ಚರ್ಚೆ ಆಯಿತು. ಕೂಸಿನ ಮೂಗಿಗೆ ಹೊಗೆ ಬೇಡವೇ ಬೇಡ ಅಂತ ಡಾಕ್ಟರಮ್ಮ, ಹೊಗೆ ಇಲ್ಲದ ಬಾಣಂತನ ಎಂಥದ್ದು ಅಂತ ಅತ್ತೆ. ಕೊನೆಗೆ ಹಿತ್ತಲಲ್ಲಿ ಬುಟ್ಟಿ ಬೋರಲು ಹಾಕಿ ಬಟ್ಟೆಗೆ ಹೊಗೆ, ಕೂಸಿಗೆ ಇಲ್ಲ ಅಂತ ರಾಜಿ. ಕಾಡಿಗೆ ಕಣ್ಣಿಗೆ ಬೇಡ, ಅಂಗಾಲಿಗೆ ಬೊಟ್ಟು. ಬಜೆ, ಜಾಯಿಕಾಯಿ ಡಬ್ಬಿಯಲ್ಲೇ ಉಳಿದವು, ಆರು ತಿಂಗಳು ತಾಯಿ ಹಾಲು ಬಿಟ್ಟು ಬೇರೇನೂ ಇಲ್ಲ. ಈ ಬಿಸಿಲಲ್ಲಿ ಒಂದು ಚಮಚ ನೀರೂ ಬೇಡ್ವಾ ಅಂತ ನನಗೇ ಅನ್ನಿಸಿತ್ತು. ಬೇಡ, ಹಾಲಿನಲ್ಲೇ ಬೇಕಾದಷ್ಟು ನೀರು ಇರುತ್ತೆ ಅಂದರು ಡಾಕ್ಟರಮ್ಮ. ಕೂಸು ದಿನಕ್ಕೆ ಆರಕ್ಕಿಂತ ಜಾಸ್ತಿ ಲಂಗೋಟಿ ಒದ್ದೆ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಲೆಕ್ಕ. ಅದು ನನಗೆ ಹಿಡಿಸಿತು, ಎಣಿಸಬಹುದಾದ ಲೆಕ್ಕ.

ಇಷ್ಟೆಲ್ಲ ತಯಾರಿ ಮಾಡಿದ ನಾನು ಎಲ್ಲಿ ಎಡವಿದೆ ಗೊತ್ತಾ? ಕಾಗದದಲ್ಲಿ.

ಆಸ್ಪತ್ರೆ ಚೀಲ ಮೂವತ್ತೈದನೇ ವಾರಕ್ಕೇ ಬಾಗಿಲ ಹಿಂದೆ ತೂಗುತ್ತಿತ್ತು. ಕುದಿಸಿದ ಬಿಳಿ ಬಟ್ಟೆ, ಹಳೇ ಸೀರೆ, ಪ್ಯಾಡು, ಫ್ಲಾಸ್ಕು, ಲೋಟ, ಚಮಚ, ಬಾತ್‌ರೂಮಿಗೆ ಚಪ್ಪಲಿ, ಜೊತೆಗಿರೋರಿಗೆ ಹೊದಿಕೆ. ಬೀದಿಯ ಆಟೋದವನಿಗೆ ಹೇಳಿಟ್ಟಿದ್ದೆವು, ಫ್ರಿಜ್ಜಿನ ಮೇಲೆ ಅವನ ನಂಬರು, ಅದರ ಕೆಳಗೆ 108. ರಾತ್ರಿ ಒಂದೂವರೆಗೆ ಮಗಳ ಹೊಟ್ಟೆ ನೀರು ಒಡೆಯಿತು. ಎರಡಕ್ಕೆಲ್ಲ ಆಸ್ಪತ್ರೆಯಲ್ಲಿದ್ದೆವು. ನನ್ನ ತಯಾರಿಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಸಿಸ್ಟರ್ "ಫೈಲ್ ಕೊಡಿ" ಅಂದರು.

ಫೈಲ್ ಇರಲಿಲ್ಲ. ಸ್ಕ್ಯಾನ್, ರಕ್ತ ಪರೀಕ್ಷೆ, ತಾಯಿ ಕಾರ್ಡ್, ಎಲ್ಲ ಇದ್ದ ನೀಲಿ ಫೈಲನ್ನು ಅಳಿಯ ಹಿಂದಿನ ವಾರ ಇನ್ಶೂರೆನ್ಸಿಗೆ ಅಂತ ತೆಗೆದುಕೊಂಡು ಹೋಗಿದ್ದ. ಮಗಳ ರಕ್ತ ಓ ನೆಗೆಟಿವ್. ಇಂಥ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದರೆ 72 ಗಂಟೆ ಒಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು, ಮುಂದಿನ ಕೂಸಿಗೆ ತೊಂದರೆ ಆಗಬಾರದು ಅಂತ. ಬಸುರಿದ್ದಾಗ ಒಂದು ಸಲ ಕೊಟ್ಟೂ ಇದ್ದರು. ಯಾವ ತಾರೀಖು ಅಂತ ಸಿಸ್ಟರ್ ಕೇಳಿದರೆ ನನ್ನ ಬಾಯಿ ಒಣಗಿತು. ಮಗಳು ನೋವಿನಲ್ಲಿ ಇದ್ದಳು, ಅವಳನ್ನು ಏನು ಕೇಳೋದು? ಅಳಿಯ ಆಗಲೇ ಬೆಂಗಳೂರಿಂದ ಹೊರಟಿದ್ದ. ಗಾಡಿ ಓಡಿಸುತ್ತಿದ್ದವನು ಫೋನ್ ಎತ್ತಲಿಲ್ಲ. ಆಸ್ಪತ್ರೆಯವರು ಮಗಳ ರಕ್ತ ಮತ್ತೆ ತೆಗೆದುಕೊಂಡು ಪರೀಕ್ಷೆಗೆ ಕಳಿಸಿದರು. ಅಳಿಯ ಶಿರಾ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ನನ್ನ ಹದಿನಾಲ್ಕು ಮಿಸ್ಡ್ ಕಾಲ್ ನೋಡಿದ. ಫೈಲ್ ಅವನ ಹಿಂದಿನ ಸೀಟಿನಲ್ಲೇ ಇತ್ತು. ಬಂಕಿನ ದೀಪದ ಕೆಳಗೆ ಬಾನೆಟ್ ಮೇಲೆ ಒಂದೊಂದೇ ಹಾಳೆ ಹರಡಿ 22 ಫೋಟೋ ಕಳಿಸಿದ. ಒಂದು ಫೋಟೋದಲ್ಲಿ ಹಾಳೆ ಹಾರದಂತೆ ಒತ್ತಿಟ್ಟ ಅವನ ಹೆಬ್ಬೆರಳು ಇದೆ. ಅದನ್ನು ನಾನು ಇನ್ನೂ ಅಳಿಸಿಲ್ಲ.

ಆದ್ದರಿಂದ ಬಟ್ಟೆಗಿಂತ ಮೊದಲು ಫೈಲ್. ಅದು ಬಸುರಿ ಇರುವ ಮನೆಯಲ್ಲೇ ಇರಲಿ, ಫೋಟೋ ಇಬ್ಬರ ಮೊಬೈಲಿನಲ್ಲಿ ಇರಲಿ. ರಕ್ತದ ಗುಂಪನ್ನು ಒಂದು ಚೀಟಿಯಲ್ಲಿ ಬರೆದು ಚೀಲದ ಹೊರ ಜೇಬಿಗೆ ಹಾಕಿ. ಕೂಸಿನ ಕಾಗದವೂ ಹುಟ್ಟಿದ ದಿನದಿಂದಲೇ ಶುರು ಆಗುತ್ತೆ. ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಹಾಕಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಜನನ ನೋಂದಣಿ 21 ದಿನದ ಒಳಗೆ ಆಗಬೇಕು, ತಂದೆ ತಾಯಿ ಹೆಸರಿನ ಅಕ್ಷರ ಆಧಾರಿನಲ್ಲಿ ಇರುವ ಹಾಗೇ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ಹೊಸ ಫೈಲ್ ಒಂದು ಜೊತೆಗೇ ಇಟ್ಟುಕೊಂಡಿರಿ.

ಐದು ನಲವತ್ತಕ್ಕೆ ಹೆಣ್ಣು ಕೂಸು. ಎರಡು ಕೆಜಿ ಒಂಬೈನೂರು ಗ್ರಾಂ. ಸಿಸ್ಟರ್ ಕೈ ಚಾಚಿ "ಬಟ್ಟೆ ಕೊಡಿ" ಅಂದಾಗ ಚೀಲದಿಂದ ಮೇಲೆ ಬಂದದ್ದು ಪಂಚೆಯ ತುಂಡು. ಅಳಿಯ ಆರೂವರೆಗೆ ಫೈಲ್ ಎದೆಗೆ ಅವಚಿಕೊಂಡು ಓಡಿಬಂದ, ಕೂಸಿಗಿಂತ ಮೊದಲು ಸಿಸ್ಟರಿಗೆ ಫೈಲ್ ಕೊಟ್ಟ. ಕೂಸಿನ ರಕ್ತ ಪಾಸಿಟಿವ್. ಅವತ್ತು ಸಂಜೆಯೇ ಇಂಜೆಕ್ಷನ್ ಆಯಿತು.

ಅದಕ್ಕೆ ಮುಂಚೆ ನಾನು ಎಂಟು ಗಂಟೆಗೆ ಮನೆಗೆ ಬಂದೆ. ಸ್ನಾನ ಮಾಡಿ, ಗಂಜಿಗೆ ಇಟ್ಟು, ಮಷೀನಿಗೆ ಕೂತೆ. ಎಂಟು ಜಬಲಾ, ಒಂದಕ್ಕೆ ನಾಲ್ಕರಂತೆ 32 ಲಾಡಿ. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಒಂದೊಂದೇ ಲಾಡಿ ಎತ್ತಿ ಕೊಡುತ್ತಿದ್ದರು. ಕೂಸು ಯಾರ ಹಾಗಿದೆ, ಕೂದಲು ಎಷ್ಟಿದೆ, ಅತ್ತಿತಾ, ಎಷ್ಟು ಜೋರಾಗಿ ಅತ್ತಿತು. ಐದನೇ ಜಬಲಾ ಮುಗಿಯುವಷ್ಟರಲ್ಲಿ ಬಿಳಿ ದಾರ ಮುಗಿಯಿತು. ಟೈಲರ್ ಮನೆಯಲ್ಲಿ! ಎರಡು ತಿಂಗಳಿಂದ ಇವರ ಮಾತಿಗೆ ಹೆದರಿ ಬಿಳಿ ದಾರದ ಉಂಡೆ ತಂದಿರಲಿಲ್ಲ. ಆ ಹೊತ್ತಿಗೆ ಅಂಗಡಿಯೂ ತೆಗೆದಿರೋದಿಲ್ಲ. ಡಬ್ಬಿ ತಡಕಾಡಿದೆ. ಕುಬಸದ ಬ್ಲೌಸ್ ಹೊಲಿದು ಉಳಿದಿದ್ದ ಹಸಿರು ದಾರ ಸಿಕ್ಕಿತು.

ಅತ್ತೆಯ ಮುಖ ನೋಡಿದೆ.

"ಹಸರು ಚಲೋನೇ ಐತಿ, ಹಚ್ಚು" ಅಂದರು.