ರಾತ್ರಿ ಲೆನ್ಸ್ ಹಾಕ್ಕೊಂಡು ಮಲಗ್ತೀಯಾ ಅಂತ ಕೇಳಿದ್ದೇ ತಪ್ಪಾಯ್ತು

ಡೊಂಬಿವಲಿಯ ಶನಿವಾರ ಸಂಜೆ ಓಪಿಡಿ ಅಂದ್ರೆ ಕಂಡವರಿಗೇ ಗೊತ್ತು. ವಾರವೆಲ್ಲ ಲೋಕಲ್‌ನಲ್ಲಿ ನೇತಾಡ್ಕೊಂಡು ಹೋಗಿಬರೋ ಜನ ಕಣ್ಣು, ಹಲ್ಲು, ಮೊಣಕಾಲು ಎಲ್ಲಾನೂ ಶನಿವಾರಕ್ಕೇ ಎತ್ತಿಟ್ಟಿರ್ತಾರೆ. ಏಳೂಮುಕ್ಕಾಲಾದ್ರೂ ಇನ್ನೂ ಹನ್ನೊಂದು ಟೋಕನ್ ಬಾಕಿ, ನನ್ನ ಮಧ್ಯಾಹ್ನದ ಡಬ್ಬಿ ಬ್ಯಾಗಲ್ಲೇ ಇದೆ, ಪಾಪೆ ಹಿಗ್ಗೋಕೆ ಡ್ರಾಪ್ಸ್ ಹಾಕಿ ಕೂರಿಸಿದ ಅಜ್ಜಂದಿರು ಹೊರಗೆ ಗೊಣಗ್ತಿದ್ದಾರೆ. ಆಗ ಒಳಗೆ ಬಂದ ತಾಯಿ ಮಗಳು ತಮ್ಮತಮ್ಮಲ್ಲೇ ಕನ್ನಡ ಮಾತಾಡಿದ್ದು ಕಿವಿಗೆ ಬಿತ್ತು, ನಾನು ಕರಗಿಹೋದೆ.

ಕುಂದಾಪುರದ ಕಡೆಯವರು. "ಅಯ್ಯೋ ಡಾಕ್ಟ್ರು ಕನ್ನಡದವ್ರಾ!" ಅಂತ ಅಮ್ಮ ಅಂದಿದ್ದೇ ಊರು, ಮಳೆ, ರಜೆಗೆ ಟ್ರೇನ್ ಟಿಕೆಟ್ ಸಿಗದ ಕಷ್ಟ ಎಲ್ಲಾ ಬಂದುಹೋಯ್ತು. ಎರಡು ನಿಮಿಷ ಊರಿಗೆ, ಅರ್ಧ ನಿಮಿಷ ಹಿಸ್ಟರಿಗೆ. ಇದೇ ಲೆಕ್ಕ ನೋಡಿ ಆಮೇಲೆ ತಲೆಗೆ ಹೊಡೆದದ್ದು.

ಹುಡುಗಿಗೆ ಇಪ್ಪತ್ನಾಲ್ಕು ವರ್ಷ, ಕಾಂಟ್ಯಾಕ್ಟ್ ಲೆನ್ಸ್ ಹಾಕೋಳು. ಬಲಗಣ್ಣು ಕೆಂಪು, ನೀರು, ಬೆಳಕು ಕಂಡ್ರೆ ಆಗ್ತಿಲ್ಲ. ಸ್ಲಿಟ್ ಲ್ಯಾಂಪಲ್ಲಿ (ಕಣ್ಣು ನೋಡೋ ಮೈಕ್ರೋಸ್ಕೋಪು) ಕೂರಿಸಿ, ಗಾಯ ಇರೋ ಕಡೆ ಹೊಳೆಯೋ ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಲೈಟ್ ಬಿಟ್ರೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ನಡುವಿನಿಂದ ಸ್ವಲ್ಪ ಕೆಳಗೆ ಒಂದೂವರೆ ಮಿಲಿಮೀಟರ್ ಹಸಿರು ಕಲೆ. ಸುತ್ತ ಸ್ವಲ್ಪ ಮಂಜು ಮಂಜು. ಕಾರ್ನಿಯಾಗೆ ರಕ್ತನಾಳ ಇಲ್ಲ, ಆಕ್ಸಿಜನ್ ಬರೋದು ಹೊರಗಿನ ಗಾಳಿಯಿಂದ, ಲೆನ್ಸ್ ಜಾಸ್ತಿ ಹೊತ್ತು ಇಟ್ಕೊಂಡ್ರೆ ಊದಿಕೊಳ್ಳುತ್ತೆ, ಆ ಮಂಜು ಅದೇ ಅಂದ್ಕೊಂಡೆ. "ರಾತ್ರಿ ಲೆನ್ಸ್ ಹಾಕ್ಕೊಂಡು ಮಲಗ್ತೀಯಾ?" "ಇಲ್ಲ ಡಾಕ್ಟ್ರೇ, ಯಾವತ್ತೂ ಇಲ್ಲ." ನಮ್ಮ ಇಎಮ್‌ಆರ್ (ಕಂಪ್ಯೂಟರಲ್ಲಿರೋ ಕೇಸ್ ಪೇಪರ್) ಟೆಂಪ್ಲೇಟಲ್ಲಿ ಆ ಕಾಲಂಗೆ ಮೊದಲೇ 'ನೋ' ಅಂತ ತುಂಬಿರುತ್ತೆ, ಬದಲಾಯಿಸೋ ಕೆಲಸವೂ ಬರಲಿಲ್ಲ. ಅಬ್ರೇಶನ್, ಬರೀ ತರಚು ಗಾಯ, ಅಂತ ಬರೆದೆ.

ಇನ್ನೊಂದು ತಪ್ಪು ಬರೆಯೋಕೆ ಈಗಲೂ ನಾಚಿಕೆ ಆಗುತ್ತೆ. ಹುಡುಗಿಗೆ ಕಣ್ಣು ಬಿಡೋಕೇ ಆಗ್ತಿಲ್ಲ, ಅಮ್ಮ "ಕಟ್ಟಿದ್ರೆ ನೋವು ಕಮ್ಮಿ ಆಗುತ್ತಲ್ವಾ" ಅಂದ್ರು, ನಾನು ಆಂಟಿಬಯಾಟಿಕ್ ಆಯಿಂಟ್ಮೆಂಟ್ ಹಾಕಿ ಪ್ಯಾಡ್ ಕಟ್ಟಿಬಿಟ್ಟೆ. ಲೆನ್ಸ್ ಹಾಕೋರ ಕಣ್ಣಿಗೆ ಪ್ಯಾಡ್ ಕಟ್ಟಬಾರದು, ಒಳಗೆ ಸೂಡೊಮೋನಾಸ್ ಬ್ಯಾಕ್ಟೀರಿಯಾ ಇದ್ರೆ ಬೆಚ್ಚಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಅಂತ ಜೂನಿಯರ್ಸ್‌ಗೆ ಪಾಠ ಹೇಳಿದವನೇ ನಾನು.

ಭಾನುವಾರ ಬೆಳಿಗ್ಗೆಯಿಂದ ನೋವು ಜಾಸ್ತಿ ಅಂತ ಅಮ್ಮ ಫೋನ್ ಮಾಡಿದ್ರೆ ಹೆಲ್ಪ್‌ಡೆಸ್ಕ್‌ನವರು ಸೋಮವಾರ ಹನ್ನೊಂದಕ್ಕೆ ಅಪಾಯಿಂಟ್ಮೆಂಟ್ ಕೊಟ್ಟಿದ್ದಾರೆ! ಪುಣ್ಯಕ್ಕೆ ಆಕೆ ಅದನ್ನ ಕೇಳದೆ ಸಂಜೆ ಐದೂವರೆಗೆ ಕರ್ಕೊಂಡು ಬಂದ್ರು. ಆನ್‌ಕಾಲ್ ನಾನೇ. ಪ್ಯಾಡ್ ಬಿಚ್ಚಿದ್ರೆ ಹಸಿರು ಬಣ್ಣಕ್ಕೆ ತಿರುಗಿದ ಕೀವು. ನಿನ್ನೆಯ ಕಲೆ ಮೂರು ಮಿಲಿಮೀಟರ್ ಬಿಳಿ ಹುಣ್ಣಾಗಿದೆ, ಕಣ್ಣೊಳಗೆ ಕೆಳಗಡೆ ಹೈಪೋಪಿಯಾನ್, ಅಂದ್ರೆ ಶೇಖರವಾದ ಕೀವು, ಲೋಟದ ತಳದಲ್ಲಿ ಕೂತ ಗಂಜಿ ಹಾಗೆ. ಅಮ್ಮ ಹಿಂದೆ ನಿಂತು "ಏನಾಯ್ತು ಡಾಕ್ಟ್ರೇ" ಅಂತಾರೆ, ನಾನು ಐಪೀಸಿಂದ ಮುಖ ಎತ್ತಿಲ್ಲ. ಫೋಕಸ್ ಸರಿಮಾಡೋ ನೆಪದಲ್ಲಿ ನಾಬ್ ತಿರುಗಿಸ್ತಾ ಕೂತೆ, ಎಷ್ಟು ಹೊತ್ತೋ.

ಆಮೇಲೆ ಕೇಳಿದೆ, "ನೀನು ಮಲಗೋದು ಯಾವಾಗಮ್ಮ?"

"ಬೆಳಿಗ್ಗೆ."

ನವಿ ಮುಂಬೈನ ಐರೋಲಿಯಲ್ಲಿ ನೈಟ್ ಶಿಫ್ಟ್. ಬೆಳಿಗ್ಗೆ ಏಳೂವರೆಗೆ ಮನೆಗೆ ಬಂದು ಹಾಗೇ ಬಿದ್ಕೊಳ್ಳೋದು, ಸಂಜೆ ಎದ್ದು ಲೆನ್ಸ್ ತೆಗೆದು ತೊಳೆದು ಮತ್ತೆ ಹಾಕ್ಕೊಂಡು ಹೊರಡೋದು. ತಿಂಗಳ ಲೆನ್ಸ್, ಮೂರನೇ ತಿಂಗಳು ನಡೀತಿದೆ. ಕೇಸ್ ತೊಳೆಯೋದು ನಲ್ಲಿ ನೀರಲ್ಲಿ. ಹುಡುಗಿ ಒಂದು ಸುಳ್ಳೂ ಹೇಳಿರಲಿಲ್ಲ, ರಾತ್ರಿ ಅವಳು ಮಲಗೋದೇ ಇಲ್ಲವಲ್ಲ.

ಮರಗಟ್ಟಿಸೋ ಪ್ರೊಪರಕೇನ್ ಡ್ರಾಪ್ಸ್ ಹಾಕಿ, ಹದಿನೈದನೇ ನಂಬರ್ ಬ್ಲೇಡಲ್ಲಿ ಹುಣ್ಣು ಕೆರೆದು ಸ್ಕ್ರೇಪಿಂಗ್ ತಗೊಂಡೆ. ನಡುವಲ್ಲಿ ಕಾರ್ನಿಯಾ ಇರೋದೇ ಹೆಚ್ಚೂಕಮ್ಮಿ ಅರ್ಧ ಮಿಲಿಮೀಟರ್ ದಪ್ಪ, ಇಲ್ಲಿ ಎಷ್ಟು ಕರಗಿದ್ಯೋ ಗೊತ್ತಿಲ್ಲ. ನೂರು ಸಲ ಮಾಡಿದ ಕೆಲಸ, ಅವತ್ತು ಮಣಿಕಟ್ಟನ್ನ ಅವಳ ಕೆನ್ನೆಗೆ ಒತ್ತಿ ಹಿಡ್ಕೊಂಡು ಮಾಡಿದೆ. ಭಾನುವಾರ ಲ್ಯಾಬ್ ಟೆಕ್ನಿಶಿಯನ್ ಇಲ್ಲ, ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡೋ ಗ್ರಾಮ್ ಸ್ಟೇನ್ ನಾನೇ ಮಾಡಿ ನೋಡಿದೆ, ಗುಲಾಬಿ ಕಡ್ಡಿಗಳು, ಗ್ರಾಮ್ ನೆಗೆಟಿವ್, ಸೂಡೊಮೋನಾಸ್ ಗುಂಪಿನ ಥರದವು. ಲೆನ್ಸು, ಕೇಸು ಎರಡನ್ನೂ ಕಲ್ಚರ್‌ಗೆ ಇಟ್ಟೆ. ಫಾರ್ಟಿಫೈಡ್ ಟೋಬ್ರಾಗೆ (ಜಾಸ್ತಿ ಸ್ಟ್ರಾಂಗ್ ಮಾಡಿದ ಟೋಬ್ರಾಮೈಸಿನ್ ಆಂಟಿಬಯಾಟಿಕ್ ಡ್ರಾಪ್ಸ್) ಇಂಜೆಕ್ಷನ್ ಬೇಕು, ನಮ್ಮ ಫಾರ್ಮಸಿಯಲ್ಲಿ "ಸ್ಟಾಕ್ ಸೋಮವಾರ". ವಾರ್ಡ್‌ಬಾಯ್ ಸ್ಟೇಷನ್ ರೋಡಿಗೆ ಓಡಿಹೋಗಿ ತಂದ, ಐದು ಎಂಎಲ್ ಡ್ರಾಪ್ಸ್ ಬಾಟಲಿಗೆ ಎರಡು ಎಂಎಲ್ ಸೇರಿಸಿ ನಾನೇ ರೆಡಿ ಮಾಡಿದೆ. ಅದು, ಜೊತೆಗೆ ಮಾಕ್ಸಿಫ್ಲಾಕ್ಸಾಸಿನ್ ಡ್ರಾಪ್ಸ್, ಗಂಟೆಗೊಂದು ಸಲ, ರಾತ್ರಿಯೆಲ್ಲ. ಅಡ್ಮಿಟ್ ಮಾಡಿಸಿದೆ, ಮನೆಯಲ್ಲಿ ಮೂರು ಗಂಟೆ ರಾತ್ರೀಲಿ ಎದ್ದು ಯಾರು ಹಾಕ್ತಾರೆ.

ಕಾರ್ನಿಯಾ ಸ್ಪೆಷಲಿಸ್ಟ್ ಸರ್‌ಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ಪ್ಯಾಡ್?" ಅಂದ್ರು. "ಹೂಂ ಸರ್." ಅವರು ಬೈದಿದ್ರೆ ಚೆನ್ನಾಗಿರ್ತಿತ್ತು, ಬೈಲಿಲ್ಲ.

ಅಮ್ಮನಿಗೂ ಹೇಳಿದೆ, ಪ್ಯಾಡ್ ಕಟ್ಟಿದ್ದು ನನ್ನ ತಪ್ಪು ಅಂತ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಈಗ ಏನು ಮಾಡ್ಬೇಕು ಹೇಳಿ" ಅಂದ್ರು.

ಸೋಮವಾರ ಹುಣ್ಣು ದೊಡ್ಡದಾಗಿರಲಿಲ್ಲ. ಬುಧವಾರ ಕಲ್ಚರ್ ಬಂತು, ಸೂಡೊಮೋನಾಸೇ, ಕೇಸಲ್ಲೂ ಅದೇ. ನಲ್ಲಿ ನೀರಿನ ಕಥೆ ಕೇಳಿದಾಗಿಂದ ನೀರಲ್ಲಿರೋ ಅಕಾಂಥಮೀಬಾ ಅನ್ನೋ ಅಮೀಬಾ ಅಂತ ಹೆದರಿದ್ದೆ, ಅದಾಗಿದ್ರೆ ಪಿಎಚ್‌ಎಂಬಿ ಡ್ರಾಪ್ಸ್ ಹಾಕ್ತಾ ತಿಂಗಳುಗಟ್ಟಲೆ ಒದ್ದಾಟ. ಅದರ ಪ್ಲೇಟಲ್ಲಿ ಏನೂ ಬೆಳೀಲಿಲ್ಲ. ಮೂರು ವಾರಕ್ಕೆ ಹುಣ್ಣು ಮುಚ್ಚಿತು, ಕಲೆ ಉಳೀತು, ನಡುವಿಗೆ ಸ್ವಲ್ಪ ಪಕ್ಕದಲ್ಲಿ. ಭಾನುವಾರ 6/60 (ಬೋರ್ಡಿನ ಅತಿ ದೊಡ್ಡ ಅಕ್ಷರ ಮಾತ್ರ ಕಾಣೋ ಅಷ್ಟು) ಇದ್ದ ಕಣ್ಣು ಈಗ ಕನ್ನಡಕದಲ್ಲಿ 6/12, ಪೂರ್ತಿ ಸರಿ ಇದ್ರೆ 6/6. ಕೊನೇ ಫಾಲೋಅಪ್‌ನಲ್ಲಿ "ಮದುವೆ ದಿನಕ್ಕಾದ್ರೂ ಲೆನ್ಸ್ ಹಾಕ್ಬಹುದಾ ಡಾಕ್ಟ್ರೇ" ಅಂತ ಕೇಳಿದ್ಲು. ಅಮ್ಮ ಅವಳನ್ನ ನೋಡಿದ ನೋಟಕ್ಕೆ ನಾನು ಉತ್ತರ ಕೊಡೋ ಅಗತ್ಯ ಬೀಳಲಿಲ್ಲ.

ಟೆಂಪ್ಲೇಟಿಂದ ಆ 'ನೋ' ತೆಗೀರಿ, 'ರಾತ್ರಿ' ಅನ್ನೋದನ್ನೂ ತೆಗೀರಿ, 'ಲೆನ್ಸ್ ಹಾಕ್ಕೊಂಡು ನಿದ್ದೆ, ಯಾವ ಹೊತ್ತಾದ್ರೂ' ಅಂತ ಹಾಕಿ ಅಂತ ಐಟಿಗೆ ಟಿಕೆಟ್ ಹಾಕಿದ್ದೆ. ಹೋದ ವಾರ ಮೇಲ್ ಬಂತು, ಟಿಕೆಟ್ ಕ್ಲೋಸ್ಡ್, ರಿಸಾಲ್ವ್ಡ್ ಅಂತೆ. ತೆಗೆದು ನೋಡಿದ್ರೆ 'ನೋ' ಹಾಗೇ ಇದೆ, ಫಾಂಟ್ ಮಾತ್ರ ದೊಡ್ಡದು ಮಾಡಿದ್ದಾರೆ.