ಬೇಕಲ ಕೋಟೆಯೂ ರೂಮಿನ ಪಂಚಾಯಿತಿಯೂ

ದಸರಾ ಬಂದರೆ ಊರವರೆಲ್ಲ ಮೈಸೂರಿನಲ್ಲಿ ರೂಮ್ ಹುಡುಕುತ್ತಾರೆ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬೇಕಲದಲ್ಲಿ ಹುಡುಕುತ್ತಿದ್ದೇವೆ, ಅಲ್ಲಿನ ಕಡಲ ತೀರದ ಕೋಟೆ ನೋಡೋಕೆ!

ತಂಗಿಗೆ ಕಡಲ ಪಕ್ಕದ ರೆಸಾರ್ಟೇ ಆಗಬೇಕು. ಬಾಡಿಗೆ ನೋಡಿ ನನ್ನ ಎದೆ ಧಸಕ್ ಅಂತು. ಅಪ್ಪನ ವೋಟು ಕಾಞಂಗಾಡಿನ ಲಾಡ್ಜ್‌ಗೆ, ಬಸ್ಸು ರೈಲು ಎರಡೂ ಹತ್ತಿರ ಅಂತ. ಕಾಸರಗೋಡಾದರೆ ಕನ್ನಡವೂ ನಡೆಯುತ್ತದೆ, ಆದರೆ ಕೋಟೆಗೆ ಸುಮಾರು 15 ಕಿ.ಮೀ. ನನಗೆ ಪಳ್ಳಿಕ್ಕರೆ ಕಡೆಯ ಹೋಂಸ್ಟೇ ಸರಿ ಅನ್ನಿಸಿದೆ. ಬೆಳಗ್ಗೆಯೇ ಕೋಟೆಗೆ ಹೋಗಿಬಿಡಬಹುದು. ಒಳಗೆ ನೆರಳು ಕಮ್ಮಿ, ಮುರಕಲ್ಲು ಕಾದರೆ ಕಷ್ಟ ಅಲ್ವಾ?

ತಮಾಷೆ ಅಂದ್ರೆ, ಎಲ್ಲರೂ ಉಳಿಯಲು ಜಾಗ ಹುಡುಕುವ ಆ ಕೋಟೆಯೊಳಗೆ ಅರಮನೆಯೇ ಇಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಕಾವಲಿಗೆಂದೇ ಕಟ್ಟಿದ್ದು. ಗೋಡೆಯಲ್ಲಿ ಬಂದೂಕಿನ ಕಂಡಿಗಳು, ಮದ್ದಿನ ಮನೆ, ಮೆಟ್ಟಿಲಿರುವ ಕೆರೆ, ಮಧ್ಯೆ ಇಳಿಜಾರು ಹತ್ತಿ ಏರುವ ದೊಡ್ಡ ಬುರುಜು. ಅದರ ಮೇಲೆ ನಿಂತರೆ ಕರಾವಳಿ ಉದ್ದಕ್ಕೂ ಕಾಣುತ್ತದೆ. ಇತ್ತ ನಮ್ಮ ಶ್ರೀರಂಗಪಟ್ಟಣ ನೋಡಿ. ಕೋಟೆಯೊಳಗೇ ರಂಗನಾಥನ ಗುಡಿ, ಅಂಗಡಿ, ಮನೆ, ಬಟ್ಟೆ ಒಣಗಿಹಾಕಿದ ಹಗ್ಗ. ಜನ ಸಂಸಾರ ಮಾಡಿಕೊಂಡು ಆರಾಮಾಗಿದ್ದಾರೆ. ಎರಡೂ ಟಿಪ್ಪುವಿನ ಕೈಯಲ್ಲಿದ್ದ ಕೋಟೆಗಳೇ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಬೇಕಲವೂ ಈಸ್ಟ್ ಇಂಡಿಯಾ ಕಂಪನಿ ಪಾಲಾಯಿತು. ಪಟ್ಟಣದ ಕೋಟೆಬಾಗಿಲಲ್ಲಿ ಸ್ಕೂಟರ್ ಓಡಿಸುವಾಗ ಇದೆಲ್ಲ ಯಾರಿಗೆ ನೆನಪಾಗುತ್ತೆ, ಹೇಳಿ!

ಪಳ್ಳಿಕ್ಕರೆ ಕಡೆ ಒಳ್ಳೆ ಹೋಂಸ್ಟೇ ಗೊತ್ತಿದ್ದರೆ ಕಮೆಂಟಿನಲ್ಲಿ ತಿಳಿಸಿ. ಅಮ್ಮನಿಗೆ ಕೊಬ್ಬರಿ ಎಣ್ಣೆ ಅಡುಗೆ ಆಗಿಬರಲ್ಲ, ಅದನ್ನೂ ಸ್ವಲ್ಪ ಲೆಕ್ಕಕ್ಕಿಟ್ಟುಕೊಳ್ಳಿ.