ಮೊನಾಲಿಸಾಗೆ ಬೆನ್ನು ಮಾಡಿ ನೋಡಬೇಕಾದ ಚಿತ್ರ

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ಹೋಗುವವರು, ‘ಸಾಲಿನಲ್ಲಿ ನಿಲ್ಲಬೇಕಿಲ್ಲ’ ಎಂದು ಆಸೆ ತೋರಿಸುವ ಗೈಡುಗಳ ಗುಂಪನ್ನು ಸೇರದಿರುವುದು ಒಳ್ಳೆಯದು. ನಮ್ಮಿಂದ ಟಿಕೆಟ್ಟಿನ ಬೆಲೆಗಿಂತ ಎಷ್ಟೋ ಹೆಚ್ಚು ಹಣ ಪಡೆದ ಗೈಡು, ಭದ್ರತಾ ತಪಾಸಣೆಯ ಸಾಲು ಎಲ್ಲರಿಗೂ ಒಂದೇ ಎಂಬುದನ್ನು ಅದರಲ್ಲಿ ನಿಲ್ಲುವವರೆಗೂ ಬಾಯಿಬಿಡಲಿಲ್ಲ; ಒಳಗೆ ಹೋದ ಮೇಲೆ ಓಟದ ನಡಿಗೆಯಲ್ಲಿ 711ನೇ ಕೋಣೆಗೆ ಕರೆದೊಯ್ದು, ಮೊನಾಲಿಸಾಳನ್ನು ದೂರದಿಂದಲೇ ತೋರಿಸಿ, ಕೆಲಸ ಮುಗಿಯಿತೆಂದು ಹೊರಟುಹೋದರು.

ನೂಕುನುಗ್ಗಲನ್ನು ಸಹಿಸುವ ಸ್ವಭಾವ ನನ್ನದಲ್ಲವಾದ್ದರಿಂದ ಆ ಕೋಣೆಯ ಬಗ್ಗೆ ನನ್ನ ಮಾತು ಸ್ವಲ್ಪ ಕಟುವಾಗಿರಬಹುದು. 77 ಸೆಂಟಿಮೀಟರ್ ಎತ್ತರದ ಆ ಚಿತ್ರವನ್ನು ಗಾಜಿನಾಚೆ, ಮೇಲೆತ್ತಿದ ಮೊಬೈಲುಗಳ ನಡುವೆ ಕಂಡಷ್ಟು ಕಂಡು, ಕಾವಲಿನವರು ಮುಂದೆ ಸಾಗಿ ಎನ್ನುವಾಗ ಹಿಂದಕ್ಕೆ ತಿರುಗಿದರೆ, ಎದುರು ಗೋಡೆಯನ್ನು ಪೂರ್ತಿ ಆವರಿಸಿದ ಮತ್ತೊಂದು ಚಿತ್ರ ಕಾಣುತ್ತದೆ. ಇಟಲಿಯ ಚಿತ್ರಕಾರ ಪಾವೊಲೊ ವೆರೊನೇಸೆ 1563ರಲ್ಲಿ ಮುಗಿಸಿದ ‘ಕಾನಾ ಊರಿನ ಮದುವೆ’ ಅದು, ಎತ್ತರ 6.77 ಮೀಟರ್, ಅಗಲ 9.94 ಮೀಟರ್. ಇಡೀ ಚಿತ್ರ ಒಮ್ಮೆಗೇ ಕಣ್ಣಿಗೆ ಸಿಗುವಷ್ಟು ದೂರ ದೊರೆಯುವುದು ಮೊನಾಲಿಸಾಳ ಪಕ್ಕದಲ್ಲಿಯೇ ಆದ್ದರಿಂದ, ಆ ಸಾಲಿನಲ್ಲಿ ನಿಂತದ್ದು ವ್ಯರ್ಥವಾಗುವುದಿಲ್ಲ.

ಮದುವೆಯೂಟದಲ್ಲಿ ದ್ರಾಕ್ಷಾರಸ ಮುಗಿದಾಗ ಏಸು ನೀರನ್ನೇ ದ್ರಾಕ್ಷಾರಸವಾಗಿಸಿದ ಕಥೆ ಇದು. ಆದರೆ ನೂರಕ್ಕೂ ಹೆಚ್ಚು ಜನರಿರುವ ಈ ಗದ್ದಲದಲ್ಲಿ ಪವಾಡವನ್ನು ಗಮನಿಸಿದವರು ಬೆರಳೆಣಿಕೆಯಷ್ಟು. ವಧೂವರರೇ ಎಡತುದಿಗೆ ಸರಿದಿದ್ದಾರೆ, ಒಬ್ಬ ಹೆಂಗಸು ಹಲ್ಲು ಚುಚ್ಚಿಕೊಳ್ಳುತ್ತಿದ್ದಾಳೆ, ಬಲಗಡೆ ಒಂದು ಬೆಕ್ಕು ಹೂಜಿಯನ್ನು ಪರಚುತ್ತಿದೆ. ಮೊದಲು ಹತ್ತಿರ ಹೋಗಿ ಬಲಗಡೆಯ ಈ ಬೆಕ್ಕನ್ನೂ ಅದರ ಬಳಿ ಹೂಜಿಯಿಂದ ದ್ರಾಕ್ಷಾರಸ ಸುರಿಯುತ್ತಿರುವ ಸೇವಕನನ್ನೂ ನೋಡಿ. ಜನರೆಲ್ಲ ಮೊನಾಲಿಸಾಳ ಕಡೆ ಮುಖ ಮಾಡಿರುವುದರಿಂದ ಇಲ್ಲಿ ಯಾರೂ ತಳ್ಳುವುದಿಲ್ಲ. ಆಮೇಲೆ ಹಿಂದೆ ಸರಿದು ನಡುವಿನ ನೇರಗೆರೆಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಮೇಲೆ ಕಟಕಟೆಯ ಹಿಂದೆ ಮಾಂಸ ಕೊಚ್ಚುವವನು, ಅವನ ಕೆಳಗೆ ನೇರವಾಗಿ ನಮ್ಮತ್ತಲೇ ನೋಡುತ್ತ ಅಲುಗದೆ ಕುಳಿತ ಏಸು, ಅವನ ಕೆಳಗೆ ವಾದ್ಯಗಾರರ ಮೇಜಿನ ಮೇಲೊಂದು ಮರಳುಗಡಿಯಾರ. ಪಂಕ್ತಿಯಲ್ಲಿ ಊಟದ ಕೊನೆಯ ಸಿಹಿ ನಡೆಯುತ್ತಿರುವಾಗ ಮಾಂಸ ಕೊಚ್ಚುವುದೇಕೆ ಎಂದು ಯೋಚಿಸಿದರೆ, ಅದು ಅಡುಗೆಯ ಕೆಲಸವಲ್ಲ, ಬಲಿಯಾಗಲಿರುವ ಕುರಿಮರಿಯ, ಅಂದರೆ ಏಸುವಿನ ಸೂಚನೆ ಎಂಬುದು ಹೊಳೆಯುತ್ತದೆ. ಸಂಭ್ರಮದ ನಟ್ಟನಡುವೆ ಮರಣವನ್ನು ಯಾರಿಗೂ ತಿಳಿಯದಂತೆ ಕೂರಿಸಿರುವ ಈ ಜಾಣ್ಮೆಗೆ ನಾನು ಬೆರಗಾದೆ.

ವೆನಿಸ್ಸಿನ ಸ್ಯಾನ್ ಜಾರ್ಜೊ ಮಜ್ಜೋರೆ ಮಠದ ಸನ್ಯಾಸಿಗಳು ತಮ್ಮ ಭೋಜನಶಾಲೆಗಾಗಿ ಇದನ್ನು ಬರೆಸಿದರು. 324 ಡುಕಾಟ್ ಹಣದ ಜೊತೆ ಒಂದು ಪೀಪಾಯಿ ದ್ರಾಕ್ಷಾರಸವನ್ನೂ ಕೊಡುವ ಒಪ್ಪಂದವಾಗಿತ್ತಂತೆ, ವಿಷಯಕ್ಕೆ ತಕ್ಕ ಸಂಭಾವನೆಯೇ. ಮೌನವಾಗಿ ಉಣ್ಣುವ ನಿಯಮವಿದ್ದ ಅವರ ಎದುರಿಗೆ ಈ ಗಲಾಟೆಯ ಪಂಕ್ತಿಯಿತ್ತು. 1797ರಲ್ಲಿ ನೆಪೋಲಿಯನ್ನನ ಸೈನ್ಯ ಇದನ್ನು ಕತ್ತರಿಸಿ ಪ್ಯಾರಿಸ್ಸಿಗೆ ಸಾಗಿಸಿತು, ಮತ್ತೆ ಹಿಂದಿರುಗಿಸಲಿಲ್ಲ.

ಬೆಳಗಿನ ಹೊತ್ತು ಈ ಕೋಣೆಗೆ ಬರಬೇಡಿ. ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ಸಂಗ್ರಹಾಲಯ ತೆರೆದಿರುತ್ತದೆ. ಗುಂಪುಗಳು ಊಟಕ್ಕೆ ಹೊರಟ ಮೇಲೆ ಒಂದು ಗಂಟೆಯನ್ನು ಇದೊಂದಕ್ಕೇ ಮೀಸಲಿಡಿ. ಪ್ರವಾಸದಲ್ಲಿ ವೆನಿಸ್ ಕೂಡ ಇದ್ದರೆ, 2007ರಲ್ಲಿ ಆ ಭೋಜನಶಾಲೆಯ ಗೋಡೆಗೇ ಏರಿಸಿದ ಪೂರ್ಣಗಾತ್ರದ ಪ್ರತಿಕೃತಿಯನ್ನೂ ನೋಡಬಹುದು. ಒಂದನ್ನೇ ಆರಿಸಬೇಕಾದರೆ ನಾನು ಪ್ಯಾರಿಸ್ಸಿನ ಮೂಲವನ್ನೇ ಹೇಳುತ್ತೇನೆ, ಜನಜಂಗುಳಿಯಿದ್ದರೂ ಸರಿಯೇ.